ಓದುಗರ ಪ್ರಶ್ನೆ: ಮನೆಯ ರಕ್ಷಣೆಗೆ ನಂಬಬಹುದಾದ ರೈಫಲ್ ಯಾವುದು?

ಪ್ರಶ್ನೆ: ನಾನು ವಾಸಿಸುವ ಕಡೆ ಪರವಾನಗಿ ಪಡೆದು ಅರೆಸ್ವಯಂಚಾಲಿತ ರೈಫಲ್ ಇಟ್ಟುಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಮನೆಯ ರಕ್ಷಣೆಗೆಂದು ಒಂದನ್ನು ಕೊಳ್ಳಬೇಕೆಂದಿದ್ದೇನೆ. ಎಆರ್-15 ಮಾದರಿ ಮಾತುಮಾತಿಗೆ ಜಾಮ್ ಆಗುತ್ತದೆ, ಎಕೆ ಮಾದರಿ ಎಂದೂ ಕೈಕೊಡುವುದಿಲ್ಲ ಎಂದು ಒಬ್ಬರು ಹೇಳಿದರೆ, ಅದೆಲ್ಲ ಹಳೆಯ ಕಾಲದ ಮಾತು ಎಂದು ಇನ್ನೊಬ್ಬರು ತಳ್ಳಿಹಾಕುತ್ತಾರೆ. ಮನೆಯಲ್ಲಿ ಇಬ್ಬರು ಚಿಕ್ಕ ಮಕ್ಕಳಿದ್ದಾರೆ. ಯಾವುದನ್ನು ಆರಿಸಲಿ?

ಉತ್ತರ: ಕಾನೂನಿನ ಅವಕಾಶವಿದೆ ಎಂದು ನೀವೇ ಬರೆದಿರುವುದರಿಂದ ಆ ವಿಷಯವನ್ನು ಬೆಳೆಸುವುದಿಲ್ಲ. ಆದರೆ ಈ ಅಂಕಣವನ್ನು ಬೇರೆ ಬೇರೆ ದೇಶಗಳಲ್ಲಿ ಇರುವವರು ಓದುತ್ತಾರೆ. ಆಸ್ಟ್ರೇಲಿಯಾ 1996ರಲ್ಲಿಯೂ ನ್ಯೂಜಿಲೆಂಡ್ 2019ರಲ್ಲಿಯೂ ಇಂಥ ಬಹುತೇಕ ರೈಫಲ್‌ಗಳನ್ನು ಸಾಮಾನ್ಯ ನಾಗರಿಕರ ಕೈಯಿಂದ ಹಿಂಪಡೆದವು. ಆದ್ದರಿಂದ ಮುಂದಿನ ಮಾತುಗಳು ಅನುಮತಿ ಇರುವವರಿಗೆ ಮಾತ್ರ ಅನ್ವಯಿಸುತ್ತವೆ.

ನೀವು ಕೇಳಿದ ಎರಡು ಮಾದರಿಗಳ ಜಗಳ ಶುರುವಾದದ್ದು ವಿಯೆಟ್ನಾಂ ಯುದ್ಧದಲ್ಲಿ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅಲ್ಲಿಯೇ ಇದೆ. 1950ರ ದಶಕದಲ್ಲಿ ಆರ್ಮಲೈಟ್ ಕಂಪನಿಯಲ್ಲಿ ಯೂಜೀನ್ ಸ್ಟೋನರ್ ರೂಪಿಸಿದ ಎಆರ್-15 ಮುಂದೆ ಎಂ16 ಎಂಬ ಹೆಸರಿನಲ್ಲಿ ಅಮೆರಿಕದ ಸೇನೆಗೆ ಸೇರಿತು. ಪರೀಕ್ಷೆಗಳಲ್ಲಿ ಮೆಚ್ಚುಗೆ ಪಡೆದಿದ್ದ ಅದೇ ರೈಫಲ್ ಯುದ್ಧಭೂಮಿಯಲ್ಲಿ ಮತ್ತೆ ಮತ್ತೆ ಕೈಕೊಟ್ಟಿತು. ಹಾರಿದ ತೋಟಾದ ಖಾಲಿ ಕೊಳವೆ, ತೋಟಾ ಕೂತು ಸಿಡಿಯುವ ನಳಿಗೆಯ ಹಿಂಬದಿಯ ಗೂಡಾದ ಚೇಂಬರಿನೊಳಗೇ ಕಚ್ಚಿಕೊಂಡು, ಸೈನಿಕರು ನಳಿಗೆಯ ಬಾಯಿಂದ ಕಡ್ಡಿ ತೂರಿಸಿ ಅದನ್ನು ಹೊರದಬ್ಬಬೇಕಾಯಿತು. 1967ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದರ ವಿಚಾರಣೆ ನಡೆಸಿದಾಗ ಹೊರಬಿದ್ದ ಕಾರಣಗಳು ಸೀದಾಸಾದಾ ಆಗಿದ್ದವು. ವಿನ್ಯಾಸಕಾರರು ಯಾವ ಮದ್ದನ್ನು ಗಮನದಲ್ಲಿಟ್ಟುಕೊಂಡಿದ್ದರೋ ಅದನ್ನು ಬಿಟ್ಟು ಬೇರೆ ಬಗೆಯ ಮದ್ದನ್ನು ತೋಟಾಗಳಿಗೆ ತುಂಬಲಾಗಿತ್ತು. ಅದು ಒಳಗಿನ ಭಾಗಗಳ ಓಟವನ್ನು ಮಿತಿಮೀರಿ ಹೆಚ್ಚಿಸಿ, ಮಸಿಯನ್ನೂ ಹೆಚ್ಚಾಗಿ ಉಳಿಸುತ್ತಿತ್ತು. ತೇವದ ಹವೆಯಲ್ಲಿ ತುಕ್ಕು ಹಿಡಿಯದಂತೆ ಚೇಂಬರಿಗೆ ಕ್ರೋಮ್ ಲೇಪನ ಕೊಟ್ಟಿರಲಿಲ್ಲ. ಇದಕ್ಕೆ ಹೆಚ್ಚು ಶುಚಿ ಬೇಕಿಲ್ಲ ಎಂಬ ನಂಬಿಕೆಯಲ್ಲಿ ಶುಚಿಗೊಳಿಸುವ ಸಾಮಗ್ರಿಯನ್ನಾಗಲಿ ತರಬೇತಿಯನ್ನಾಗಲಿ ಸಾಕಷ್ಟು ಕೊಟ್ಟಿರಲಿಲ್ಲ. ಇವನ್ನೆಲ್ಲ ಸರಿಪಡಿಸಿದ ಮೇಲೆ ಅದೇ ವಿನ್ಯಾಸ ದಶಕಗಳ ಕಾಲ ಸೇವೆಯಲ್ಲಿ ಉಳಿಯಿತು.

ಎಕೆ ಮಾದರಿಯ ಖ್ಯಾತಿಗೂ ಆಧಾರವಿದೆ. ಮಿಖಾಯಿಲ್ ಕಲಾಶ್ನಿಕೋವ್ ಅವರ 1947ರ ವಿನ್ಯಾಸದಲ್ಲಿ ಅನಿಲದ ಒತ್ತಡವನ್ನು ಪಡೆಯುವ ಭಾರವಾದ ಪಿಸ್ಟನ್ನು ಬೋಲ್ಟ್ ವಾಹಕಕ್ಕೇ (ಚೇಂಬರನ್ನು ಹಿಂದಿನಿಂದ ಮುಚ್ಚುವ ಬೋಲ್ಟನ್ನು ಹಿಂದೆ ಮುಂದೆ ಒಯ್ಯುವ ಭಾಗಕ್ಕೆ) ಜೋಡಣೆಯಾಗಿದೆ. ಭಾಗಗಳ ನಡುವೆ ಧಾರಾಳವಾದ ಸಡಿಲವಿದೆ. ಅದರ ತೋಟಾ ತುದಿಯ ಕಡೆ ತುಸು ಕಿರಿದಾಗುವುದರಿಂದ ಚೇಂಬರಿನಿಂದ ಸುಲಭವಾಗಿ ಬಿಡಿಸಿಕೊಳ್ಳುತ್ತದೆ. ಆದರೆ ಈ ಖ್ಯಾತಿ ಸೇನೆಯ ಕಾರ್ಖಾನೆಗಳಲ್ಲಿ ತಯಾರಾದ ರೈಫಲ್‌ಗಳದ್ದು. ನಾಗರಿಕ ಮಾರುಕಟ್ಟೆಗೆ ಬಂದ ಅಗ್ಗದ ಕೆಲವು ಅನುಕರಣೆಗಳಲ್ಲಿ, ಬೋಲ್ಟು ಬಿಗಿದು ಕೂರುವ ಮುಂಭಾಗದ ಉಕ್ಕಿನ ತುಂಡನ್ನು ಬಡಿದು ಮಾಡುವ ಬದಲು ಎರಕ ಹೊಯ್ದಿದ್ದರಿಂದ ಅದು ಬೇಗ ಸವೆದುಹೋದದ್ದುಂಟು. ತಾತನ ಹೆಸರು ಹೇಳಿಕೊಂಡು ಮೊಮ್ಮಗ ಸಾಲ ಕೇಳಿದ ಹಾಗೆ!

ಹೀಗಾಗಿ ನನ್ನ ಅಭಿಪ್ರಾಯ ಇಷ್ಟು: ಮನೆಯೊಳಗೆ, ಕೆಸರು ಮರಳುಗಳಿಂದ ದೂರವಾಗಿ ಇರುವ ರೈಫಲಿನ ಮಟ್ಟಿಗೆ ಈ ಎರಡು ವಿನ್ಯಾಸಗಳ ವ್ಯತ್ಯಾಸ ನಗಣ್ಯ. ಬಹುಕಾಲದಿಂದ ತಯಾರಿಸುತ್ತ ಬಂದಿರುವ ಕಂಪನಿಯ, ಬಿಡಿಭಾಗಗಳೂ ದುರಸ್ತಿ ಬಲ್ಲವರೂ ಸುಲಭವಾಗಿ ಸಿಗುವ, ಅಲಂಕಾರವಿಲ್ಲದ ಸಾಮಾನ್ಯ ಮಾದರಿಯೊಂದನ್ನು ಆರಿಸಿಕೊಳ್ಳಿ. ಹಗುರವಾಗಿರುವುದರಿಂದಲೂ ಹಿಂದೊದೆತ ಕಡಿಮೆಯಾದ್ದರಿಂದಲೂ ಹೆಚ್ಚಿನವರಿಗೆ ಎಆರ್-15 ಒಗ್ಗುತ್ತದೆ. 16 ಇಂಚಿನ ನಳಿಗೆ, ನಳಿಗೆಯಿಂದ ಅನಿಲವನ್ನು ಹಿಂದಕ್ಕೆ ತರುವ ಮಧ್ಯಮ ಉದ್ದದ ಅನಿಲ ಕೊಳವೆ, ಕ್ರೋಮ್ ಅಥವಾ ನೈಟ್ರೈಡ್ ಲೇಪನದ ಚೇಂಬರು ಇದ್ದರೆ ಸಾಕು. ಅಂಗಡಿಯಲ್ಲಿ ಬೋಲ್ಟ್ ವಾಹಕವನ್ನು ಹೊರತೆಗೆದು ತೋರಿಸಲು ಹೇಳಿ, ಅದರ ಮೇಲೆ ಆ ಅನಿಲವನ್ನು ಒಳಕ್ಕೆ ಬಿಟ್ಟುಕೊಳ್ಳುವ ಅನಿಲ ಕೀಲಿಯ ಎರಡು ಸ್ಕ್ರೂಗಳ ಪಕ್ಕದ ಲೋಹವನ್ನು ಬಡಿದು ಅವು ತಿರುಗದಂತೆ ಭದ್ರಪಡಿಸಿದ್ದಾರೆಯೇ ಎಂದು ನೋಡಿ. ಆ ಸ್ಕ್ರೂ ಸಡಿಲವಾದರೆ ಅನಿಲ ಸೋರಿ ರೈಫಲ್ ಅರ್ಧ ದಾರಿಯಲ್ಲಿ ನಿಲ್ಲುತ್ತದೆ. ಇಂಥ ಸಣ್ಣ ಕೆಲಸವನ್ನು ಹಾರಿಸಿದ ತಯಾರಕರು ಕಣ್ಣಿಗೆ ಕಾಣದ ದೊಡ್ಡ ಕೆಲಸಗಳನ್ನೂ ಹಾರಿಸಿರುತ್ತಾರೆ.

ನಳಿಗೆಯ ಮೇಲೆ ಕೆತ್ತಿರುವ ಗುರುತನ್ನು ಓದುವುದು ಇನ್ನೂ ಮುಖ್ಯ. .223 ರೆಮಿಂಗ್ಟನ್ ಮತ್ತು 5.56 ನ್ಯಾಟೋ ತೋಟಾಗಳು ಹೊರನೋಟಕ್ಕೆ ಒಂದೇ ಆದರೂ ಒಂದೇ ಅಲ್ಲ. 5.56ರ ಚೇಂಬರಿನಲ್ಲಿ ಎರಡನ್ನೂ ಹಾರಿಸಬಹುದು; .223ರ ಚೇಂಬರಿನಲ್ಲಿ 5.56 ಹಾರಿಸಿದರೆ ಒತ್ತಡ ಸುರಕ್ಷಿತ ಮಿತಿಯನ್ನು ಮೀರಬಹುದು. .300 ಬ್ಲ್ಯಾಕ್‌ಔಟ್ ಎಂಬ ತೋಟಾವಂತೂ ಇದೇ ತೋಟಾ ಪೆಟ್ಟಿಗೆಯಲ್ಲಿ ಕೂರುತ್ತದೆ, ತಪ್ಪಿ 5.56ರ ಚೇಂಬರಿಗೆ ಹೊಕ್ಕು ಹಾರಿದರೆ ರೈಫಲನ್ನೇ ಒಡೆದುಬಿಡುತ್ತದೆ. ಒಂದೇ ಮನೆಯಲ್ಲಿ ಈ ಎರಡು ಬಗೆಯ ತೋಟಾಗಳನ್ನು ಇಟ್ಟುಕೊಳ್ಳದಿರುವುದೇ ಲೇಸು.

ಇನ್ನು ಮ್ಯಾಗಜೀನ್; ನೀವು ಓದುತ್ತಿರುವ ಮ್ಯಾಗಜೀನ್ ಅಲ್ಲ, ತೋಟಾ ತುಂಬುವ ಪೆಟ್ಟಿಗೆ. ರೈಫಲ್ ಜಾಮ್ ಆಯಿತೆಂದು ದೂರುವವರಲ್ಲಿ ಅನೇಕರು ದೂರಬೇಕಾದದ್ದು ಇದನ್ನೇ. ಅದರ ಬಾಯಿಯ ತುಟಿಗಳು ತುಸು ಬಾಗಿದ್ದರೂ ತೋಟಾ ಓರೆಯಾಗಿ ಮೇಲೇರಿ ಚೇಂಬರಿನ ಬಾಯಿಗೆ ಡಿಕ್ಕಿ ಹೊಡೆಯುತ್ತದೆ. ಪ್ರತಿಯೊಂದರ ಮೇಲೂ ಬಣ್ಣದಿಂದ ಒಂದು ಸಂಖ್ಯೆ ಬರೆಯಿರಿ. ತೊಂದರೆ ಬಂದಾಗಲೆಲ್ಲ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. ಒಂದೇ ಸಂಖ್ಯೆ ಎರಡು ಸಲ ಬಂದರೆ ಅದನ್ನು ಅಭ್ಯಾಸಕ್ಕೂ ಉಳಿಸಿಕೊಳ್ಳದೆ ಎಸೆದುಬಿಡಿ. ಅಭ್ಯಾಸದ ಮೈದಾನದಲ್ಲಿ ಸಾಮಾನ್ಯ ತೋಟಾಗಳನ್ನು ಕೆಲವು ನೂರು ಹಾರಿಸಿ, ಬಳಿಕ ಮನೆಯಲ್ಲಿ ಇಡಬೇಕೆಂದಿರುವ ತೋಟಾಗಳನ್ನೇ ಕನಿಷ್ಠ 100 ಹಾರಿಸಿ ನೋಡುವ ತನಕ ಯಾವ ರೈಫಲನ್ನೂ ನಂಬಬೇಡಿ ಎಂಬುದು ನನ್ನ ಲೆಕ್ಕ. ದುಬಾರಿ ಎನಿಸಿದರೆ ದುರ್ಬೀನು, ಹಿಡಿಕೆ ಮುಂತಾದ ಅಲಂಕಾರದ ಹಣವನ್ನು ಇದಕ್ಕೆ ತಿರುಗಿಸಿ.

ಮಕ್ಕಳ ವಿಷಯಕ್ಕೆ ಬರೋಣ. ಈ ರೈಫಲಿನ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಡುತ್ತದೆ. ಬೇಗ ಒಡೆಯುವ ಅಥವಾ ಅರಳುವ ಹಗುರವಾದ ಗುಂಡು, ಪೂರ್ತಿ ಲೋಹದ ಹೊದಿಕೆಯ ಗುಂಡಿಗಿಂತ ಬೇಗ ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ನಿಜವಾದರೂ, ತೆಳುವಾದ ಒಳಗೋಡೆಯನ್ನು ಎರಡೂ ದಾಟುತ್ತವೆ. ಆದ್ದರಿಂದ ಮಕ್ಕಳ ಕೋಣೆ ಯಾವ ದಿಕ್ಕಿನಲ್ಲಿದೆ, ಪಕ್ಕದ ಮನೆ ಎಲ್ಲಿದೆ, ಯಾವ ಜಾಗದಿಂದ ಯಾವ ಕಡೆಗೆ ಎಂದಿಗೂ ಹಾರಿಸಬಾರದು ಎಂಬುದನ್ನು ಹಗಲು ಹೊತ್ತಿನಲ್ಲಿಯೇ ಮನೆಯೊಳಗೆ ನಡೆದು ನೋಡಿ ನಿಶ್ಚಯಿಸಿಕೊಳ್ಳಬೇಕು. ಮನೆಯವರೆಲ್ಲ ಒಂದು ಕೋಣೆಯಲ್ಲಿ ಸೇರಿ, ಬಾಗಿಲು ಭದ್ರಪಡಿಸಿ, ಪೊಲೀಸರಿಗೆ ಕರೆ ಮಾಡಿ ಅಲ್ಲಿಯೇ ಇರುವುದು ರೈಫಲ್ ಹಿಡಿದು ಮನೆಯೆಲ್ಲ ಹುಡುಕುವುದಕ್ಕಿಂತ ಉತ್ತಮ. ಕತ್ತಲಲ್ಲಿ ನೀರು ಕುಡಿಯಲು ಎದ್ದ ಮಗುವನ್ನು ಕಳ್ಳನೆಂದು ತಿಳಿಯುವ ಅಪಾಯವಿರುವುದರಿಂದ ಬೆಳಕು ಬೇಕೇ ಬೇಕು. ಆದರೆ ರೈಫಲಿಗೆ ಜೋಡಿಸಿದ ದೀಪ ಎತ್ತ ಬೀಳುತ್ತದೆಯೋ ನಳಿಗೆಯೂ ಅತ್ತಲೇ ತಿರುಗಿರುತ್ತದೆ ಎಂಬುದನ್ನು ಮರೆಯದೆ, ಪ್ರತ್ಯೇಕವಾಗಿ ಒಂದು ಕೈದೀಪವನ್ನೂ ಇಟ್ಟುಕೊಳ್ಳಿ.

ರೈಫಲ್ ಇರಬೇಕಾದದ್ದು ಗೋಡೆಗೋ ನೆಲಕ್ಕೋ ಬೋಲ್ಟ್ ಹಾಕಿ ಕೂರಿಸಿದ ಉಕ್ಕಿನ ಕಪಾಟಿನಲ್ಲಿ, ಚೇಂಬರ್ ಖಾಲಿಯಾಗಿ. ಅಟ್ಟದ ಮೇಲೆ, ಮಂಚದ ಕೆಳಗೆ, ಸೀರೆಗಳ ಹಿಂದೆ ಬಚ್ಚಿಟ್ಟರೆ ಮಕ್ಕಳಿಗೆ ಗೊತ್ತಾಗುವುದಿಲ್ಲ ಎಂದು ನಂಬುವವರು ತಮ್ಮ ಬಾಲ್ಯದಲ್ಲಿ ಬೆಲ್ಲದ ಡಬ್ಬ ಎಲ್ಲಿತ್ತೆಂದು ತಮಗೆ ಹೇಗೆ ಗೊತ್ತಾಯಿತು ಎಂಬುದನ್ನು ನೆನಪಿಸಿಕೊಳ್ಳಲಿ. ಅಂಕಿ ಒತ್ತಿ ತೆರೆಯುವ ಬೀಗವಾದರೆ ಆ ಅಂಕಿ ಯಾರ ಹುಟ್ಟಿದ ದಿನವೂ ಆಗಿರಬಾರದು.

ಪ್ರಶ್ನೆ: ಮ್ಯಾಗಜೀನನ್ನು ತಿಂಗಳುಗಟ್ಟಲೆ ತುಂಬಿಸಿಟ್ಟರೆ ಸ್ಪ್ರಿಂಗ್ ಸೋತುಹೋಗುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಒಳ್ಳೆಯ ಉಕ್ಕಿನಿಂದ ಸರಿಯಾಗಿ ಮಾಡಿದ ಸ್ಪ್ರಿಂಗ್ ತನ್ನ ಮಿತಿಯೊಳಗೆ ಒತ್ತಿಕೊಂಡು ಸುಮ್ಮನೆ ಕುಳಿತಿದ್ದರೆ ಹೆಚ್ಚೇನೂ ಸೋಲುವುದಿಲ್ಲ, ಮತ್ತೆ ಮತ್ತೆ ಒತ್ತಿ ಬಿಡುವುದರಿಂದಲೇ ಅದು ದಣಿಯುತ್ತದೆ. ಸ್ಪ್ರಿಂಗಿಗೆ ವಿಶ್ರಾಂತಿ ಕೊಡುವ ಉದ್ದೇಶದಿಂದ ವಾರಕ್ಕೊಮ್ಮೆ ಖಾಲಿ ಮಾಡಿ ತುಂಬುವವರು ಅದರ ಆಯಸ್ಸನ್ನು ಕಡಿಮೆ ಮಾಡುತ್ತಿದ್ದಾರೆ. 30 ತೋಟಾ ಹಿಡಿಯುವುದಕ್ಕೆ 28 ತುಂಬುವ ರೂಢಿಗೆ ಬೇರೆ ಕಾರಣವಿದೆ: ಪೂರ್ತಿ ತುಂಬಿದ ಮ್ಯಾಗಜೀನು ಬೋಲ್ಟ್ ಮುಚ್ಚಿರುವಾಗ ಕೆಲವೊಮ್ಮೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲ. ಸಿಕ್ಕಿಸಿದ ಮೇಲೆ ಒಮ್ಮೆ ಕೆಳಕ್ಕೆ ಎಳೆದು ನೋಡಿದರೆ ಅದು ತಿಳಿಯುತ್ತದೆ.

ಪ್ರಶ್ನೆ: ರೈಫಲ್ ಹಾರಿಸುವಾಗ ಕಿವಿಗೆ ರಕ್ಷಣೆ ಅಭ್ಯಾಸದ ಸಮಯದಲ್ಲಿ ಮಾತ್ರ ಸಾಕೇ?

ಉತ್ತರ: ಸಾಲದು. ಒಂದೇ ಏಟಿಗೆ ಕಿವಿ ಶಾಶ್ವತವಾಗಿ ಕೆಡಬಹುದಾದ ಮಿತಿ 140 ಡೆಸಿಬೆಲ್. ಈ ರೈಫಲಿನ ಸದ್ದು 160ರ ಆಸುಪಾಸು, ಮುಚ್ಚಿದ ಕೋಣೆಯಲ್ಲಿ ಅದು ಇನ್ನೂ ಕಠೋರ. ಮಾತು ಕೇಳಿಸಿ, ದೊಡ್ಡ ಸದ್ದನ್ನು ಮಾತ್ರ ತಡೆಯುವ ವಿದ್ಯುನ್ಮಾನ ಕಿವಿಗವಸುಗಳು ಸಿಗುತ್ತವೆ. ಕಪಾಟಿನಲ್ಲಿ ರೈಫಲಿನ ಮುಂದೆಯೇ ಅದನ್ನು ತೂಗುಹಾಕಿ. ಆಗ ಅದನ್ನು ಪಕ್ಕಕ್ಕೆ ಸರಿಸದೆ ರೈಫಲ್ ಕೈಗೆ ಬರುವುದಿಲ್ಲ. ಬ್ಯಾಟರಿಯನ್ನು ಆರು ತಿಂಗಳಿಗೊಮ್ಮೆ ಬದಲಾಯಿಸಿ.

ಪ್ರಶ್ನೆ: ಇಪ್ಪತ್ತು ಅಡಿ ದೂರದ ಗುರಿಗೆ ಹೊಡೆದರೆ ನನ್ನ ಗುಂಡುಗಳೆಲ್ಲ ಎರಡು ಇಂಚು ಕೆಳಗೆ ಬೀಳುತ್ತವೆ. ದೂರದ ಗುರಿಗೆ ಸರಿಯಾಗಿಯೇ ಬೀಳುತ್ತವೆ. ರೈಫಲಿನಲ್ಲಿ ದೋಷವಿದೆಯೇ?

ಉತ್ತರ: ದೋಷವಿಲ್ಲ. ಎಆರ್ ಮಾದರಿಯಲ್ಲಿ ಗುರಿ ನೋಡುವ ಸಾಧನ ನಳಿಗೆಗಿಂತ ಸುಮಾರು ಎರಡೂವರೆ ಇಂಚು ಮೇಲಿರುತ್ತದೆ. ಗುಂಡಿನ ದಾರಿಯೂ ನೋಟದ ಗೆರೆಯೂ ಮೊದಲ ಬಾರಿಗೆ ಸಂಧಿಸುವುದು ಹತ್ತಾರು ಮೀಟರ್ ದಾಟಿದ ಮೇಲೆ. ಕೋಣೆಯಷ್ಟು ದೂರದಲ್ಲಿ ಗುಂಡು ಇನ್ನೂ ಕೆಳಗೇ ಇರುತ್ತದೆ. ಸಾಧನದ ತಿರುಪನ್ನು ಮುಟ್ಟದೆ, ಹತ್ತಿರದ ಗುರಿಗೆ ಅಷ್ಟು ಮೇಲಕ್ಕೆ ಹಿಡಿದು ಅಭ್ಯಾಸ ಮಾಡಿ.