ಬರೀ ಹುಲ್ಲು ಅಂದುಬಿಟ್ಟಿರಲ್ಲ!

ಓದುಗರ ಪತ್ರ: "ರಜೆಯಲ್ಲಿ ಗುಜರಾತಿನ ವೇಳಾವದರ್ ಕೃಷ್ಣಮೃಗ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆವು. ಜಿಂಕೆಗಳೇನೋ ಬೇಕಾದಷ್ಟಿವೆ. ಆದರೆ ಕಾಡೇ ಇಲ್ಲ, ಬರೀ ಹುಲ್ಲು. ಪಾಪ, ಅವಕ್ಕೆ ನೆರಳಿಗಾದರೂ ಒಂದಷ್ಟು ಮರ ನೆಡಬಾರದೇ?"

ಸಂಪಾದಕರ ಉತ್ತರ:

ನಿಮ್ಮ ಕಾಳಜಿ ದೊಡ್ಡದು. ಮರ ನೆಡುವವರನ್ನು ಕಂಡರೆ ನನಗೂ ಗೌರವವೇ. ಆದರೆ ವೇಳಾವದರ್‌ನಲ್ಲಿ ಮಾತ್ರ ದಯವಿಟ್ಟು ಬೇಡ.

ಕೃಷ್ಣಮೃಗಕ್ಕೆ ತೋಳ ದೂರದಿಂದಲೇ ಕಾಣಬೇಕು, ಕಂಡ ಕೂಡಲೇ ಓಡೋದಕ್ಕೆ ಬಯಲು ಬೇಕು. ಅದು ಬದುಕಿರೋದೇ ಈ ಎರಡರ ಮೇಲೆ. ಜೋಡಿ ಕೂಡುವ ಕಾಲದಲ್ಲೂ ಬಯಲೇ ಬೇಕು: ಗಂಡುಗಳು ಪಕ್ಕಪಕ್ಕದಲ್ಲೇ ಅಂಗೈಯಗಲ ಜಾಗ ಹಿಡಿದು, ದಿನಾ ಒಂದೇ ಕಡೆ ಹಿಕ್ಕೆ ಹಾಕಿ ಗುಡ್ಡೆ ಮಾಡಿ, ಅದರ ಮೇಲೆ ಯಜಮಾನನ ಹಾಗೆ ನಿಂತಿರುತ್ತವೆ. ಹೆಣ್ಣು ಬಂದು ನೋಡಿ ಆರಿಸಿಕೊಳ್ಳುತ್ತದೆ. ಪೊದೆ ಬೆಳೆದರೆ ಈ ಸ್ವಯಂವರ ನಡೆಯೋದೆಲ್ಲಿ?

ಮರ ಅಲ್ಲಿಗೆ ಆಗಲೇ ಬಂದಿದೆ, ಗೊತ್ತಾ? ನಾವು ಬಳ್ಳಾರಿ ಜಾಲಿ ಅನ್ನುವುದನ್ನು ಅವರು 'ಗಾಂಡೊ ಬಾವಳ' ಅನ್ನುತ್ತಾರೆ, ಅಂದರೆ ಹುಚ್ಚು ಜಾಲಿ. ಪ್ರಾಣಿಗಳು ಕಾಯಿ ತಿಂದು ಹೋದಲ್ಲೆಲ್ಲ ಬೀಜ ಹರಡುತ್ತವೆ, ಹುಲ್ಲು ಹಿಂದೆ ಸರಿಯುತ್ತದೆ. 1976ರಲ್ಲಿ ರಾಷ್ಟ್ರೀಯ ಉದ್ಯಾನವಾದ ಈ ಜಾಗ ಇರೋದೇ ಸುಮಾರು 34 ಚದರ ಕಿಲೋಮೀಟರ್. ಅದರಲ್ಲೂ ಪಾಲು ಕೊಡಬೇಕಾ?

ಒಂದು ಡಿಸೆಂಬರ್ ಸಂಜೆ ನಾನು ಅಲ್ಲಿದ್ದೆ. ಬಿಸಿಲು ಇಳಿಯುತ್ತಿದ್ದಂತೆ ಹ್ಯಾರಿಯರ್ ಹದ್ದುಗಳು ಒಂದು, ಎರಡು, ಆಮೇಲೆ ಲೆಕ್ಕ ತಪ್ಪುವಷ್ಟು ಬಂದವು. ಮಧ್ಯ ಏಷ್ಯಾದ ಕಡೆಯಿಂದ ಹಾರಿ ಬಂದ ಹಕ್ಕಿಗಳು! ರೆಕ್ಕೆ ಬಡಿಯದೆ ತೇಲಿ ಬಂದು, ಕಾಲು ಕೆಳಗೆ ಚಾಚಿ, ಹುಲ್ಲಿನೊಳಗೆ ಇಳಿದು ಮಾಯವಾದವು. ರಾತ್ರಿ ಅವು ಮಲಗೋದು ನೆಲದ ಮೇಲೆಯೇ. ಹಗಲಿಡೀ ಸುತ್ತಲಿನ ಹೊಲಗಳಲ್ಲಿ ಮಿಡತೆ ಹಿಡಿಯುತ್ತವೆ, ರೈತರಿಗೆ ಪುಕ್ಕಟೆ ಉಪಕಾರ.

ತಪ್ಪು ನಿಮ್ಮೊಬ್ಬರದಲ್ಲ ಬಿಡಿ. 1950ರಿಂದ ವನಮಹೋತ್ಸವ ಮಾಡುತ್ತಾ ಬಂದಿದ್ದೇವೆ, ಹುಲ್ಲಿಗೆ ಒಂದು ದಿನವಾದರೂ ಉತ್ಸವ ಮಾಡಿದ್ದೇವಾ? ಸರ್ಕಾರಿ ದಾಖಲೆಗಳಲ್ಲಿ ಎಷ್ಟೋ ಹುಲ್ಲುಗಾವಲಿಗೆ ಪಾಳುಭೂಮಿ ಅಂತಲೇ ಹೆಸರು. ಪಾಳು ಅಂದ ಮೇಲೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು, ಅಲ್ವಾ? ನಮ್ಮ ರಾಣೆಬೆನ್ನೂರನ್ನೇ ನೋಡಿ. ಕೃಷ್ಣಮೃಗಕ್ಕೆಂದೇ ಅಭಯಾರಣ್ಯ, ಒಳಗೆ ಸಾಲುಸಾಲು ನೀಲಗಿರಿ. ಒಂದು ಕಾಲದಲ್ಲಿ ಅಲ್ಲಿ ಎರೆಭೂತ ಅನ್ನುವ ಹುಲ್ಲುಗಾವಲಿನ ದೊಡ್ಡ ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಕಾಣಸಿಗುತ್ತಿತ್ತು ಅಂದರೆ ಇವತ್ತಿನ ಮಕ್ಕಳು ನಂಬೋದೂ ಕಷ್ಟ. ಅದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಮಳೆಗಾಲದಲ್ಲಿ ವೇಳಾವದರ್‌ಗೆ ಫ್ಲೋರಿಕನ್ ಹಕ್ಕಿ ಬರುತ್ತದೆ. ಹುಲ್ಲಿನ ಮರೆಯಲ್ಲಿರುವ ಹೆಣ್ಣಿಗೆ ಕಾಣಲಿ ಅಂತ ಗಂಡು ಮತ್ತೆ ಮತ್ತೆ ಮೇಲಕ್ಕೆ ಜಿಗಿಯುತ್ತದೆ. ಆಗ ಉದ್ಯಾನ ಮುಚ್ಚಿರುತ್ತದೆ, ನಾನೂ ನೋಡಿಲ್ಲ. ನೀವು ಮುಂದಿನ ಚಳಿಗಾಲದಲ್ಲಿ ಇನ್ನೊಂದು ಸಲ ಹೋಗಿ. ಹೊತ್ತು ಮುಳುಗುವಾಗ ಆ ಹುಲ್ಲಿನ ಕಡೆ ಸುಮ್ನೆ ನೋಡುತ್ತಾ ನಿಲ್ಲಿ. ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.