ಬೂಮ್ ಬ್ರೇಕ್ ಹಾಕಿದರೆ ಜೈಬ್ (ಗಾಳಿ ಬೆನ್ನಿಗಿರುವಾಗ ಹಾಯಿಯನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಹೊರಳಿಸುವುದು) ಮಾಡುವಾಗ ಬೂಮ್ ಬಡಿಯುವುದು ನಿಲ್ಲುತ್ತದೆಯೇ?

ಬಡಿತ ನಿಲ್ಲುತ್ತದೆ, ಚಲನೆ ನಿಲ್ಲುವುದಿಲ್ಲ. ಬೂಮ್ (ಹಾಯಿಯ ಕೆಳಅಂಚಿನ ಅಡ್ಡಕಂಬ) ಆಚೆ ಬದಿಗೆ ಹೋಗಿಯೇ ಹೋಗುತ್ತದೆ, ಆದರೆ ನಿಧಾನವಾಗಿ.

ಮಧ್ಯಾಹ್ನದ ಕಡಲಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ದೇವಗಡದ ದೀಪಸ್ತಂಭ ದಾಟಿ ಕಾರವಾರಕ್ಕೆ ಮರಳುವಾಗ, ಹಿಂದಿನ ಅಲೆಯೊಂದು ದೋಣಿಯನ್ನು ತುಸು ಹೊರಳಿಸಿದರೂ ಗಾಳಿ ಹಾಯಿಯ ಹಿಂಬದಿಗೆ ಹೊಕ್ಕು ಅದನ್ನು ಆಚೆ ಎಸೆಯುತ್ತದೆ. ಇದೇ ಅನಿರೀಕ್ಷಿತ ಜೈಬ್. ತಲೆ ಒಡೆಯುವುದೂ ಬೂಮಿನ ಕೀಲು ಮುರಿಯುವುದೂ ಆಗಲೇ.

ಬ್ರೇಕ್ ಎಂದರೆ ಬೂಮಿನಡಿ ತೂಗುವ ಉರುಳೆ. ಅದಕ್ಕೆ ಸುತ್ತಿದ ಹಗ್ಗದ ತುದಿಗಳು ಡೆಕ್ಕಿನ ಎಡಬಲಕ್ಕೆ ಬಿಗಿದಿರುತ್ತವೆ. ಬೂಮ್ ಸರಿಯಬೇಕಾದರೆ ಹಗ್ಗ ಉರುಳೆಗೆ ಉಜ್ಜಿಕೊಂಡೇ ಸಾಗಬೇಕು. ದಕ್ಕೆಯ ಗೂಟಕ್ಕೆ ಎರಡು ಸುತ್ತು ಹಾಕಿ ದೋಣಿಯ ಹಗ್ಗ ಸಡಿಲಿಸಿದ ಹಾಗೆ. ತುದಿಗಳು ಹಾಯಿಕಂಬದ ನೇರಕ್ಕೆ ಇಕ್ಕೆಲಗಳಲ್ಲಿದ್ದರೆ, ಬೂಮ್ ನಡುವಿಗೆ ಬಂದಂತೆ ಹಗ್ಗದ ದಾರಿ ಉದ್ದವಾಗಿ ಹಿಡಿತ ತಾನಾಗಿಯೇ ಬಿಗಿಯುತ್ತದೆ. ಬೇಕಾದದ್ದೂ ಅಲ್ಲೇ.

ತುದಿಗಳನ್ನು ಹಾಯಿಕಂಬದ ಪಕ್ಕದ ತಂತಿಗಳ ಬುಡಕ್ಕೆ ಕಟ್ಟಿ. ಅಂಚಿನ ರೇಲಿಂಗ್ ಕಂಬಕ್ಕೆ ಕಟ್ಟಿದರೆ ಅದು ಬಾಗುತ್ತದೆ. ಹಿಗ್ಗುವ ನೈಲಾನ್ ಹಗ್ಗ ಬೇಡ, ಬೂಮ್ ಪುಟಿಯುತ್ತದೆ. ಹೆಣೆದ ಪಾಲಿಯೆಸ್ಟರ್ ಸರಿ. ಉಪ್ಪು ಕೂತ ಹಗ್ಗ ಸುತ್ತಿನ ಮೇಲೆ ಒಂದೇ ಸಮ ಜಾರದು, ಆಗಾಗ ಸಿಹಿನೀರಲ್ಲಿ ತೊಳೆಯಿರಿ.

ಮೊದಲು ಹಗುರ ಗಾಳಿಯಲ್ಲಿ ಬಳಸಿ ಪಳಗಿ, ಗಾಳಿ ಏರಿದಂತೆ ಹಗ್ಗ ಬಿಗಿಮಾಡಿ. ಬೇಕೆಂದೇ ಮಾಡುವ ಜೈಬ್‌ನಲ್ಲಿ ದೊಡ್ಡ ಹಾಯಿಯ ಹಗ್ಗವನ್ನು ಒಳಕ್ಕೆಳೆಯುವುದನ್ನು ಬಿಡಬೇಡಿ. ಬ್ರೇಕ್ ಇದೆಯೆಂದು ಯಾರೂ ಬೂಮಿನ ದಾರಿಯಲ್ಲಿ ನಿಲ್ಲಲೇಬಾರದು.