ಹಿಂದೆ ಸರಿ ಅಂದ್ರೆ ತಲೆ ಎತ್ತೋ ಕುದುರೆ

ಹಿಂದೆ ಸರಿ ಅಂತ ಹಗ್ಗ ಒತ್ತಿದ್ರೆ ತಲೆ ಎತ್ಕೊಂಡು ನಿಂತ್ಬಿಡುತ್ತೆ, ಕೋಲು ಕಂಡ್ರೆ ಬೆದರುತ್ತೆ, ಹೊಡೀದೆ ಕಲಿಸೋಕಾಗುತ್ತಾ ಅಂತ ಕೇಳಿದೀರಲ್ಲ, ಆಗುತ್ತೆ ಮಾರಾಯ್ರೆ. ತೀರ್ಥಹಳ್ಳಿ ಹತ್ರ ನಮ್ಮ ತೋಟದಲ್ಲಿ ಒಂದು ಹೆಣ್ಣು ಕುದುರೆ ಇದೆ, ಇದೇ ಎಡವಟ್ಟು ನಾನೂ ಮಾಡಿದೀನಿ.

ನಾನೇನ್ ಮಾಡ್ತಿದ್ದೆ ಅಂದ್ರೆ ಹಾಲ್ಟರ್ (ಕುದುರೆ ತಲೆಗೆ ಹಾಕೋ ಪಟ್ಟಿ) ಹಗ್ಗ ಅದರ ಎದೆ ಕಡೆ ಒತ್ತೋದು, ಅದು ತಲೆ ಎತ್ತಿದ ಕೂಡ್ಲೆ ಅಯ್ಯೋ ಪಾಪ ಅಂತ ಸಡಿಲ ಬಿಡೋದು. ಒಂದ್ ವಾರದಲ್ಲಿ ತಲೆ ಎತ್ತೋದನ್ನ ಭರ್ಜರಿಯಾಗಿ ಕಲಿತ್ಬಿಡ್ತು! ಹಗ್ಗ ಸಡಿಲ ಆದಾಗ ತಾನು ಏನು ಮಾಡ್ತಿತ್ತೋ ಅದೇ ಸರಿ ಅಂತ ಕುದುರೆ ಲೆಕ್ಕ, ನೀವು ಮೂರು ಸೆಕೆಂಡ್ ತಡ ಮಾಡಿದ್ರೆ ಅಷ್ಟರಲ್ಲಿ ಅದು ಇನ್ನೇನೋ ಮಾಡ್ತಿರುತ್ತೆ.

ಹಾಗಾಗಿ ಎರಡೇ ಬೆರಳಲ್ಲಿ ಹಗ್ಗ ಹಿಡಿದು ಮೆತ್ತಗೆ ಒತ್ತಿ ಕಾಯಿರಿ. ತಲೆ ಎತ್ತಿದ್ರೆ ಜೋರೂ ಮಾಡ್ಬೇಡಿ, ಬಿಡಲೂಬೇಡಿ. ಮೈಭಾರ ಹಿಂಗಾಲಿನ ಕಡೆ ವಾಲುತ್ತಲ್ಲ, ಹೆಜ್ಜೆ ಇನ್ನೂ ಇಟ್ಟಿರಲ್ಲ, ಆಗ್ಲೇ ಬಿಟ್ಬಿಡಿ. ಪೂರ್ತಿ ಹೆಜ್ಜೆ ನಾಳೆ ಕೇಳಿದ್ರಾಯ್ತು. ನೊಣ ಕೂತ್ರೆ ಚರ್ಮ ಅದುರಿಸೋ ಪ್ರಾಣಿ ಅದು, ಜಗ್ಗಾಡೋ ಅಗತ್ಯ ಎಲ್ಲಿದೆ?

ಕೋಲಿಗೂ ಇದೇ ಲೆಕ್ಕ. ನನಗೆ ಅದು ಉದ್ದದ ಕೈ ಅಷ್ಟೇ. ಮೊದ್ಲು ಭುಜದ ಪಕ್ಕ ನಿಂತು (ಮೂಗಿನ ನೇರ ಮುಂದೆ, ಬಾಲದ ನೇರ ಹಿಂದೆ ಅದಕ್ಕೆ ಕಾಣಲ್ಲ, ಒದೆ ತಿಂತೀರ) ಕೋಲಲ್ಲಿ ಕುತ್ತಿಗೆ ಸವರಿ. ಅದು ಸರಿದ್ರೆ ನೀವೂ ಜೊತೇಲೇ ನಡೀರಿ, ನಿಂತು ಉಸಿರು ಬಿಟ್ಟಾಗ ಮಾತ್ರ ಕೋಲು ತೆಗೀರಿ. ತೀರಾ ಗಾಬರಿ ಆಗೋದಾದ್ರೆ ಇನ್ನೂ ದೂರದಿಂದ ಶುರು ಮಾಡಿ.

ಇನ್ನೊಂದು, ನಿಮ್ಮ ಮೈಯೂ ಮಾತಾಡ್ತಿರುತ್ತೆ. ಬರ್ಲಿನ್‌ನಲ್ಲಿ ಹಾನ್ಸ್ ಅನ್ನೋ ಕುದುರೆ ಗೊರಸು ತಟ್ಟಿ ಲೆಕ್ಕ ಬಿಡಿಸುತ್ತೆ ಅಂತ ದೊಡ್ಡ ಸುದ್ದಿಯಾಗಿತ್ತು, 1907ರಲ್ಲಿ ಆಸ್ಕರ್ ಫಂಗ್ಸ್ಟ್ ಅನ್ನೋರು ಪರೀಕ್ಷೆ ಮಾಡಿ ನೋಡಿದ್ರೆ ಅದಕ್ಕೆ ಲೆಕ್ಕಾನೇ ಬರ್ತಿರ್ಲಿಲ್ಲ, ಸರಿ ಉತ್ತರ ಬಂದಾಗ ಕೇಳಿದವರ ತಲೆ ಗೊತ್ತಿಲ್ದೇ ಚೂರು ಅಲ್ಲಾಡ್ತಿತ್ತು, ಅದನ್ನ ನೋಡ್ಕೊಂಡು ತಟ್ಟೋದು ನಿಲ್ಲಿಸ್ತಿತ್ತು! ಅಂಥ ಕಣ್ಣಿನ ಮುಂದೆ ಹಲ್ಲು ಕಚ್ಚಿ ನಿಂತು ಹಗ್ಗ ಮಾತ್ರ ಮೆತ್ತಗೆ ಹಿಡಿದ್ರೆ ನಡೆಯಲ್ಲ.

ತಲೆ ಎತ್ತೋದು ಇತ್ತೀಚೆಗೆ ಶುರುವಾಗಿದ್ರೆ ಮೊದ್ಲು ಡಾಕ್ಟ್ರಿಗೆ ಹಲ್ಲು, ಬೆನ್ನು ತೋರಿಸಿ. ಮತ್ತೆ ಮಳೆಗಾಲದಲ್ಲಿ ಇಂಬಳ ಹತ್ತೋ ಜಾಗದಲ್ಲಿ ಪಾಠ ಬೇಡ, ಕಾಲು ಎತ್ತಿದ್ದು ನಿಮ್ಮ ಹಗ್ಗಕ್ಕೋ ಇಂಬಳಕ್ಕೋ ಅಂತ ನಿಮಗೇ ಗೊತ್ತಾಗಲ್ಲ.